ಜೋಡಾಟವೋ, ಕೂಡಾಟವೋ? ಎದುರಾಳಿ ಪ್ರಕಾಶಕರ ವೀರರು ಒಂದೇ ಪುಟದಲ್ಲಿ

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಎರಡೆರಡು ಸಲ ಬಂದದ್ದನ್ನು ಕೈಬಿಟ್ಟಿದ್ದೇನೆ.)

ಸಭಿಕರೆ,

ಮಳೆಗಾಲ ಬಂತೆಂದರೆ ಊರಿನ ಯಕ್ಷಗಾನ ಕಲಾವಿದರು ತಿರುಗಾಟ ಮುಗಿಸಿ ಮುಂಬಯಿಗೆ ಬರುವುದು ನಮಗೆ ಹೊಸದಲ್ಲ. ಆದ್ದರಿಂದ ಇಲ್ಲಿ ಕುಳಿತವರಲ್ಲಿ ಬಹುಪಾಲು ಜನರಿಗೆ ಜೋಡಾಟವೆಂದರೇನು, ಕೂಡಾಟವೆಂದರೇನು ಎಂದು ನಾನು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಜೋಡಾಟದಲ್ಲಿ ಎರಡು ಮೇಳಗಳು ಒಂದೇ ಬಯಲಿನಲ್ಲಿ ಅಕ್ಕಪಕ್ಕ ರಂಗಸ್ಥಳ ಕಟ್ಟಿ, ಒಂದೇ ರಾತ್ರಿ, ಒಂದೇ ಪ್ರಸಂಗವನ್ನು ಪೈಪೋಟಿಗೆ ಬಿದ್ದು ಆಡುತ್ತವೆ. ಪ್ರೇಕ್ಷಕ ಎತ್ತ ತಿರುಗಿ ಕೂರುತ್ತಾನೆ ಎಂಬುದೇ ತೀರ್ಪು. ಕೂಡಾಟದಲ್ಲಿ ರಂಗಸ್ಥಳ ಒಂದೇ. ಈ ಮೇಳದ ಕರ್ಣನಿಗೆ ಆ ಮೇಳದ ಅರ್ಜುನ ಇದಿರಾಗುತ್ತಾನೆ.

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಲೋಕದ ಎರಡು ದೊಡ್ಡ ಮೇಳಗಳು ಡಿಸಿ ಮತ್ತು ಮಾರ್ವೆಲ್. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮೊದಲಾದವರ ತಂಡವಾದ ಜಸ್ಟೀಸ್ ಲೀಗನ್ನು ಡಿಸಿ 1960ರಲ್ಲಿ ಕಟ್ಟಿತು. ಮಾರ್ವೆಲ್ 1961ರಲ್ಲಿ ಫೆಂಟಾಸ್ಟಿಕ್ ಫೋರ್ ತಂಡವನ್ನೂ 1963ರಲ್ಲಿ ಅವೆಂಜರ್ಸ್ ಮತ್ತು ಎಕ್ಸ್-ಮೆನ್ ತಂಡಗಳನ್ನೂ ಕಣಕ್ಕಿಳಿಸಿತು. ಅಂದಿನಿಂದ ನಡೆದದ್ದು ಬಹುಮಟ್ಟಿಗೆ ಜೋಡಾಟ. ನಡುವೆ ಎಲ್ಲೋ ಕೆಲವು ಸಲ ಕೂಡಾಟವೂ ನಡೆದಿದೆ. ಓದುಗರ ಮನಸ್ಸಿನಲ್ಲಂತೂ ಕೂಡಾಟ ಪ್ರತಿದಿನ ನಡೆಯುತ್ತದೆ: ಇವನೂ ಅವನೂ ಇದಿರಾದರೆ ಗೆಲ್ಲುವವರು ಯಾರು? ಹತ್ತು ವರ್ಷದ ಹುಡುಗನ ಬಾಯಲ್ಲಿ ಆ ಪ್ರಶ್ನೆ ಚೆನ್ನಾಗಿಯೇ ಇರುತ್ತದೆ. ಆದರೆ ಐವತ್ತು ವರ್ಷಗಳ ಕೂಡಾಟಗಳನ್ನು ಓದಿದ ಮೇಲೆ ನನಗನ್ನಿಸಿದ್ದು, ಅಲ್ಲಿ ನೋಡಬೇಕಾದದ್ದು ಗೆಲುವನ್ನಲ್ಲ, ಭಾಗವತಿಕೆ, ಅಂದರೆ ಹಾಡಿ ಆಟ ನಡೆಸುವ ಕೆಲಸ, ಯಾರದ್ದು ಎಂಬುದನ್ನು. ಯಾವ ಮೇಳದ ಹಾಡಿಗೆ ಯಾವ ಮೇಳದ ವೇಷ ಕುಣಿಯುತ್ತಿದೆ ಎಂಬುದು ತಿಳಿದರೆ ಕಾಳಗದ ಫಲ ತಾನಾಗಿಯೇ ತಿಳಿಯುತ್ತದೆ.

ಈ ಹುಚ್ಚು ನನಗೆ ಹಿಡಿದದ್ದು ದಾದರಿನಲ್ಲಿ. ನಮ್ಮ ತಂದೆಯವರ ಸಣ್ಣ ಹೋಟೆಲಿಗೆ ಪಾರ್ಸೆಲ್ ಕಟ್ಟಲೆಂದು ರದ್ದಿ ಕಾಗದ ಕಿಲೋ ಲೆಕ್ಕದಲ್ಲಿ ಬರುತ್ತಿತ್ತು, ಆ ಕಟ್ಟುಗಳ ನಡುವೆ ಇಂದ್ರಜಾಲ ಕಾಮಿಕ್ಸ್ ಇರುತ್ತಿದ್ದವು. ಇದೇ ಮುಂಬಯಿಯಿಂದ, ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರಿಂದ 1990ರವರೆಗೆ ಪ್ರಕಟಿಸಿದ ಮಾಲಿಕೆ ಅದು. ಅದರ ಆರಂಭದ ದಿನಗಳಲ್ಲಿ ಅಲ್ಲಿ ದುಡಿದ ಕಾರ್ಕಳದ ಅನಂತ ಪೈಯವರೇ ಮುಂದೆ 1967ರಲ್ಲಿ ಅಮರ ಚಿತ್ರಕಥೆಯನ್ನು ಆರಂಭಿಸಿದರು. ನಾನು ಗಲ್ಲಾದ ಹಿಂದೆ ಕುಳಿತು ಫ್ಯಾಂಟಮ್‌ನನ್ನು ಓದುತ್ತಾ ಹೋದರೆ ಕಡೆಯ ನಾಲ್ಕು ಪುಟಗಳು ಇರುತ್ತಿರಲಿಲ್ಲ. ಅವು ಅದಾಗಲೇ ಯಾರದೋ ವಡೆಯನ್ನು ಸುತ್ತಿಕೊಂಡು ಪರೇಲಿಗೋ ಪ್ರಭಾದೇವಿಗೋ ಹೋಗಿಬಿಟ್ಟಿರುತ್ತಿದ್ದವು. ಕತೆಯ ಕೊನೆಯನ್ನು ನನಗೆ ಕಟ್ಟಿ ಹೇಳುತ್ತಿದ್ದವರು ದೋಸೆಕಲ್ಲಿನ ಮುಂದೆ ನಿಂತ ಕುಂದಾಪುರದ ಅಣ್ಣ. ಹಗಲು ದೋಸೆ, ರಾತ್ರಿ ಕನ್ನಡ ರಾತ್ರಿಶಾಲೆ, ಆಟವಿದ್ದ ದಿನ ಶಾಲೆಗೆ ಚಕ್ಕರ್. ಒಂದು ದಿನ ನಾನು, "ಅಣ್ಣ, ಫ್ಯಾಂಟಮ್‌ಗೂ ಸೂಪರ್‌ಮ್ಯಾನ್‌ಗೂ ಯುದ್ಧವಾದರೆ ಗೆಲ್ಲುವವರು ಯಾರು?" ಎಂದು ಕೇಳಿದೆ. ಅವರು ಕಲ್ಲಿಗೆ ನೀರು ಚಿಮುಕಿಸುತ್ತಾ, "ಇಬ್ಬರೂ ಒಂದೇ ಮೇಳದವರಾ ಮಾರಾಯ?" ಎಂದರು. ಅಲ್ಲವೆಂದೆ. "ಹಾಗಾದರೆ ಯಜಮಾನರು ಒಪ್ಪಬೇಕು. ಒಪ್ಪದಿದ್ದರೆ ಆಟ ಇಲ್ಲ. ಒಪ್ಪಿದರೆ ಯಾರೂ ಸೋಲುವುದಿಲ್ಲ."

ಎರಡು ಕಂಪೆನಿಗಳ ನಡುವಣ ಒಪ್ಪಂದದ ಸಾರವನ್ನು ಇದಕ್ಕಿಂತ ಚಿಕ್ಕದಾಗಿ ಯಾವ ವಕೀಲನೂ ಹೇಳಿದ್ದನ್ನು ನಾನು ಕೇಳಿಲ್ಲ.

ಅವರ ಮಾತಿನ ಮೊದಲ ಅರ್ಧವನ್ನು ಮೊದಲು ನೋಡೋಣ. ಡಿಸಿ ಮತ್ತು ಮಾರ್ವೆಲ್ ತಮ್ಮ ವೀರರನ್ನು ಮೊದಲ ಬಾರಿಗೆ ಅಧಿಕೃತವಾಗಿ ಒಂದೇ ಕತೆಯೊಳಗೆ ತಂದದ್ದು 1976ರ ಆರಂಭದಲ್ಲಿ. ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್ ಇದಿರುಬದಿರಾದ ಆ ಪುಸ್ತಕ ಮಾಮೂಲಿ ಸಂಚಿಕೆಗಿಂತ ಬಹಳ ದೊಡ್ಡ ಆಕಾರದ್ದು. ಸಾಮಾನ್ಯ ಸಂಚಿಕೆ 25 ಸೆಂಟಿಗೆ ಸಿಗುತ್ತಿದ್ದ ಕಾಲದಲ್ಲಿ ಇದರ ಬೆಲೆ 2 ಡಾಲರ್. ಬರೆದವರು ಜೆರಿ ಕಾನ್ವೇ, ಚಿತ್ರ ರಾಸ್ ಆಂಡ್ರೂ ಅವರದ್ದು. ಇಬ್ಬರೂ ಎರಡೂ ಮನೆಗಳ ಉಪ್ಪು ಉಂಡವರಾದ್ದರಿಂದಲೇ ಈ ಕೆಲಸ ಅವರ ಪಾಲಿಗೆ ಬಂತು. ಹಾಗಿದ್ದರೂ ಆಂಡ್ರೂ ಬರೆದ ಸೂಪರ್‌ಮ್ಯಾನ್ ಆಕೃತಿಗಳನ್ನು ಅಲ್ಲಲ್ಲಿ ನೀಲ್ ಆಡಮ್ಸ್ ತಿದ್ದಿದರು, ಸ್ಪೈಡರ್‌ಮ್ಯಾನ್ ಮುಖವಾಡದ ಹಿಂದಿನ ಪೀಟರ್ ಪಾರ್ಕರ್‌ನ ಮುಖಗಳನ್ನು ಜಾನ್ ರೊಮಿಟಾ ತಿದ್ದಿದರು. ಆ ಪುಟಗಳನ್ನು ನೋಡುವಾಗಲೆಲ್ಲ ನನಗೆ ಚೌಕಿ, ಅಂದರೆ ವೇಷ ಕಟ್ಟುವ ಮನೆ, ನೆನಪಾಗುತ್ತದೆ. ರಂಗಸ್ಥಳ ಒಂದೇ ಆದರೇನು, ಆ ಮೇಳದ ವೇಷಕ್ಕೆ ಆ ಮೇಳದ್ದೇ ಮುಖವರ್ಣಿಕೆಯಾಗಬೇಕು. ಪರರ ಕೈಯಲ್ಲಿ ಗಲ್ಲದ ಗೆರೆ ಒಂದಿಷ್ಟು ಓರೆಯಾದರೂ ಯಜಮಾನರಿಗೆ ತಡೆಯದು.

ಕಾಳಗವನ್ನಾದರೂ ನೋಡಿ. ಸೂಪರ್‌ಮ್ಯಾನ್ ಗ್ರಹಗಳನ್ನು ಸರಿಸಬಲ್ಲವನು. ಸ್ಪೈಡರ್‌ಮ್ಯಾನ್ ಕಾರನ್ನು ಎತ್ತಿ ಎಸೆಯಬಲ್ಲವನು. ನ್ಯಾಯವಾಗಿ ಇದು ಅರ್ಧ ಪುಟದ ಯುದ್ಧ. ಆದರೆ ಎರಡೂ ಕಡೆಯ ಓದುಗರು 2 ಡಾಲರ್ ಕೊಟ್ಟಿದ್ದಾರೆ. ಅದಕ್ಕಾಗಿ ಕಾನ್ವೇ ಖಳನಾದ ಲೆಕ್ಸ್ ಲೂಥರ್‌ನ ಕೈಗೆ ಒಂದು ಯಂತ್ರ ಕೊಡುತ್ತಾರೆ. ಅದು ಸೂಪರ್‌ಮ್ಯಾನ್‌ನ ಬಲವನ್ನು ಕುಂದಿಸುವ ಕೆಂಪು ಸೂರ್ಯನ ಕಿರಣವನ್ನು ಗುಟ್ಟಾಗಿ ಸ್ಪೈಡರ್‌ಮ್ಯಾನ್‌ನ ಮೈಗೆ ತುಂಬುತ್ತದೆ. ಆಗ ಅವನ ಹೊಡೆತ ನಾಟುತ್ತದೆ, ಸೂಪರ್‌ಮ್ಯಾನ್ ಗಾಳಿಯಲ್ಲಿ ತೂರಿಹೋಗುತ್ತಾನೆ. ಸಿಟ್ಟಿಗೆದ್ದ ಸೂಪರ್‌ಮ್ಯಾನ್ ಮುಷ್ಟಿ ಬೀಸಿದವನು ಕೊನೆಯ ಗಳಿಗೆಯಲ್ಲಿ ಕೈ ತಡೆಯುತ್ತಾನೆ. ಮುಷ್ಟಿ ತಾಗುವುದೇ ಇಲ್ಲ, ಅದರ ಗಾಳಿಯ ರಭಸಕ್ಕೇ ಸ್ಪೈಡರ್‌ಮ್ಯಾನ್ ದೂರ ಹೋಗಿ ಬೀಳುತ್ತಾನೆ. ಕಿರಣದ ಶಕ್ತಿ ಇಳಿದ ಮೇಲೆ ಅದೇ ಸ್ಪೈಡರ್‌ಮ್ಯಾನ್ ಗುದ್ದುತ್ತಲೇ ಇರುತ್ತಾನೆ, ನೋಯುವುದು ಅವನ ಕೈಯೇ. ಸೂಪರ್‌ಮ್ಯಾನ್ ಸುಮ್ಮನೆ ನಿಂತು ಹೊಡೆಸಿಕೊಳ್ಳುತ್ತಾನೆ. ತಾಗದ ಆ ಮುಷ್ಟಿ ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ಇಷ್ಟವಾದ ಚಿತ್ರ. ಒಬ್ಬನ ಬಲಕ್ಕೂ ಕುಂದಿಲ್ಲ, ಇನ್ನೊಬ್ಬನ ಮಾನಕ್ಕೂ ಕುಂದಿಲ್ಲ.

ಇದನ್ನು ಕಂಡು ನಗುವ ಮೊದಲು ನಮ್ಮ ಕೃಷ್ಣಾರ್ಜುನ ಕಾಳಗವನ್ನು ನೆನೆಯಬೇಕು. ಆಕಾಶದಲ್ಲಿ ಹೋಗುತ್ತಿದ್ದ ಗಯನೆಂಬ ಗಂಧರ್ವನ ಎಂಜಲು ಕೃಷ್ಣನ ಅರ್ಘ್ಯದ ಬೊಗಸೆಗೆ ಬೀಳುತ್ತದೆ. ಅವನನ್ನು ಕೊಲ್ಲುತ್ತೇನೆಂದು ಕೃಷ್ಣ ಪ್ರತಿಜ್ಞೆ ಮಾಡುತ್ತಾನೆ. ಅಟ್ಟುತ್ತಿರುವವರು ಯಾರೆಂದು ತಿಳಿಯದೆ ಅರ್ಜುನ ಅಭಯ ಕೊಟ್ಟುಬಿಡುತ್ತಾನೆ. ಇಬ್ಬರಲ್ಲಿ ಯಾರು ಸೋತರೂ ಪ್ರೇಕ್ಷಕ ಎದ್ದು ಹೋಗುತ್ತಾನೆ ಎಂಬುದು ಪ್ರಸಂಗಕರ್ತನಿಗೆ ಗೊತ್ತು. ಹಾಗಾಗಿ ಬಾಣಗಳು ಬರಿದಾದ ಮೇಲೆ ಈಶ್ವರನೇ ನಡುವೆ ಬರಬೇಕಾಗುತ್ತದೆ. ಆದರೂ ಆ ಪ್ರಸಂಗವನ್ನು ನಾವು ಮತ್ತೆ ಮತ್ತೆ ನೋಡುತ್ತೇವಲ್ಲ, ಅದು ಫಲಿತಾಂಶಕ್ಕಾಗಿಯೇ? ಕೊಟ್ಟ ಮಾತಿಗೂ ಇಟ್ಟ ಸ್ನೇಹಕ್ಕೂ ಸಿಕ್ಕಿಬಿದ್ದ ಅರ್ಜುನ ಏನು ಅರ್ಥ ಹೇಳುತ್ತಾನೆ, ಅದಕ್ಕೆ ಕೃಷ್ಣ ಏನು ಕೊಂಕು ತೆಗೆಯುತ್ತಾನೆ ಎಂಬುದಕ್ಕಾಗಿ. ಕಾಳಗ ಬರಿಯ ನೆಪ.

1982ರಲ್ಲಿ ಮಾರ್ವೆಲ್‌ನ ಎಕ್ಸ್-ಮೆನ್ ಮತ್ತು ಡಿಸಿಯ ಟೀನ್ ಟೈಟನ್ಸ್ ತಂಡಗಳ ಕೂಡಾಟ ಬಂತು. ಬರೆದವರು ಕ್ರಿಸ್ ಕ್ಲೇರ್‌ಮಾಂಟ್, ಚಿತ್ರ ವಾಲ್ಟ್ ಸೈಮನ್‌ಸನ್. ತಂಡಕ್ಕೆ ತಂಡ ಸೇರಿದ ಮೊದಲ ಕೂಡಾಟ ಇದೇ. ಇಷ್ಟು ದಿನ ಇವರೆಲ್ಲ ಒಬ್ಬರನ್ನೊಬ್ಬರು ಏಕೆ ನೋಡಿರಲಿಲ್ಲ ಎಂದು ಈ ಕತೆಯಲ್ಲಿ ಯಾರೂ ಕೇಳುವುದಿಲ್ಲ, ಅದೇ ಅದರ ಚೆಲುವು. ಸ್ಪರ್ಶದಿಂದ ಭಾಷೆ ಕಲಿಯಬಲ್ಲ, ಟೈಟನ್ಸ್ ತಂಡದ ಸ್ಟಾರ್‌ಫೈರ್, ಎಕ್ಸ್-ಮೆನ್ ತಂಡದ, ರಷ್ಯದ ಕೊಲೋಸಸ್‌ಗೆ ಮುತ್ತಿಟ್ಟು ಒಂದೇ ಗಳಿಗೆಯಲ್ಲಿ ರಷ್ಯನ್ ಕಲಿತುಬಿಡುತ್ತಾಳೆ. ಅವನನ್ನು ಮೆಚ್ಚಿದ್ದ, ಅವನದೇ ತಂಡದ ಕಿಟ್ಟಿಯ ಮುಖ ಸಪ್ಪಗಾಗುತ್ತದೆ. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಕನ್ನಡ, ಗಿರಾಕಿಯೊಡನೆ ಮರಾಠಿ, ಟ್ಯಾಕ್ಸಿಯವನೊಡನೆ ಹಿಂದಿ ಎಂದು ನಾಲ್ಕನ್ನೂ ಬೈಸಿಕೊಂಡೇ ಕಲಿತ ನಮ್ಮಂಥವರಿಗೆ ಆ ವಿದ್ಯೆಯ ಬಗ್ಗೆ ಹೊಟ್ಟೆಯುರಿ ಆಗದೆ ಇರದು.

ಇನ್ನು ಯಜಮಾನರು ತೀರ್ಪನ್ನು ಪ್ರೇಕ್ಷಕನ ಕೈಗೇ ಕೊಟ್ಟರೆ ಏನಾಗುತ್ತದೆ? 1996ರಲ್ಲಿ ಅದನ್ನೂ ಮಾಡಿ ನೋಡಿದರು. ನಾಲ್ಕು ಸಂಚಿಕೆಗಳ ಆ ಮಾಲಿಕೆಯ ಹನ್ನೊಂದು ಕಾಳಗಗಳಲ್ಲಿ ಐದರ ಫಲವನ್ನು ಓದುಗರ ಮತದಿಂದ ನಿರ್ಧರಿಸಲಾಯಿತು. ಜನಪ್ರಿಯತೆಯ ಲೆಕ್ಕದಲ್ಲಿ ಮಾರ್ವೆಲ್‌ನ ವುಲ್ವರಿನ್ ಡಿಸಿಯ ಲೋಬೋನನ್ನು ಸೋಲಿಸಿದ. ಆದರೆ ಲೋಬೋ ಸೂಪರ್‌ಮ್ಯಾನ್‌ನನ್ನೇ ತಡವಿ ನಿಲ್ಲುವ ದೈತ್ಯ. ವುಲ್ವರಿನ್ ಅವನನ್ನು ಕೆಡಹುವುದನ್ನು ನಂಬುವಂತೆ ಬರೆಯುವುದು ಹೇಗೆ? ಬರೆಯಲೇ ಇಲ್ಲ. ಇಬ್ಬರೂ ಹೊಡೆದಾಡುತ್ತ ಬಾರಿನ ಕಟ್ಟೆಯ ಹಿಂದೆ ಬೀಳುತ್ತಾರೆ, ನಮಗೇನೂ ಕಾಣುವುದಿಲ್ಲ, ಕಡೆಗೆ ವುಲ್ವರಿನ್ ಒಬ್ಬನೇ ಎದ್ದು ನಿಲ್ಲುತ್ತಾನೆ. ಯಕ್ಷಗಾನದಲ್ಲಿ ಇಂಥ ಕಡೆ ತೆರೆ ಹಿಡಿಯುತ್ತಾರೆ. ಇಲ್ಲಿ ಕಟ್ಟೆ ಹಿಡಿದರು. ಮಾರ್ವೆಲ್‌ನ ಸ್ಟಾರ್ಮ್‌ಗೂ ವಂಡರ್ ವುಮನ್‌ಗೂ ನಡೆದ ಕಾಳಗದಲ್ಲಿ ಮತ ಬಿದ್ದದ್ದು ಸ್ಟಾರ್ಮ್ ಪರವಾಗಿ. ಆದರೆ ಅದಕ್ಕೆ ಮುಂಚೆ ವಂಡರ್ ವುಮನ್ ತನ್ನ ಕೈಗೆ ಸಿಕ್ಕಿದ ಥಾರ್‌ನ ಸುತ್ತಿಗೆಯನ್ನು, ಇದರಿಂದ ಹೋರಾಡಿದರೆ ಸಮಬಲದ ಯುದ್ಧವಾಗದೆಂದು, ಬದಿಗಿಟ್ಟುಬಿಡುತ್ತಾಳೆ. ಯೋಗ್ಯರಲ್ಲದವರು ಎತ್ತಲಾರದ ಸುತ್ತಿಗೆ ಅದು. ಅದನ್ನು ಎತ್ತಿದಳು, ಕೆಳಗಿಟ್ಟಳು, ಸೋತಳು. ಮತಪತ್ರದಲ್ಲಿ ಕಾಣದ ಸಂಗತಿಯೊಂದನ್ನು ಬರಹಗಾರರು ಎರಡೇ ಚಿತ್ರಗಳಲ್ಲಿ ನುಸುಳಿಸಿದ ರೀತಿ ಇದು. ಅದೇ ಮಾಲಿಕೆಗಾಗಿ ಎರಡು ಲೋಕಗಳ ನಡುವಣ ಬಾಗಿಲು ಕಾಯುವ ಆಕ್ಸೆಸ್ ಎಂಬ ಪಾತ್ರವನ್ನು ಎರಡೂ ಕಂಪೆನಿಗಳ ಜಂಟಿ ಒಡೆತನದಲ್ಲಿ ಸೃಷ್ಟಿಸಿದರು. ಪಾಪ, ಇಬ್ಬರಿಗೂ ಸೇರಿದವನಾದ್ದರಿಂದ ಅವನು ಒಬ್ಬರ ಮನೆಯಲ್ಲೂ ನೆಲೆಯೂರಲಿಲ್ಲ.

ನನ್ನ ಲೆಕ್ಕದಲ್ಲಿ ನಿಜವಾದ ಕೂಡಾಟ ಒಂದೇ: ಜಸ್ಟೀಸ್ ಲೀಗ್ ಮತ್ತು ಅವೆಂಜರ್ಸ್ ತಂಡಗಳದ್ದು. ಅದನ್ನು 1983ರಲ್ಲೇ ತರುವ ಯೋಜನೆಯಿತ್ತು. ಚಿತ್ರಕಾರ ಜಾರ್ಜ್ ಪೆರೆಜ್ ಇಪ್ಪತ್ತರಷ್ಟು ಪುಟಗಳನ್ನು ಬರೆದೂ ಆಗಿತ್ತು. ಕಥಾವಸ್ತುವಿನ ಬಗ್ಗೆ ಎರಡು ಸಂಪಾದಕ ಮಂಡಳಿಗಳ ನಡುವೆ ಒಮ್ಮತವಾಗದೆ ಕೆಲಸ ನಿಂತೇಹೋಯಿತು. ಪುಸ್ತಕ ಹೊರಬಂದದ್ದು 2003–04ರಲ್ಲಿ, ನಾಲ್ಕು ಸಂಚಿಕೆಗಳಾಗಿ. ಬರೆದವರು ಕರ್ಟ್ ಬ್ಯೂಸಿಕ್, ಚಿತ್ರಕಾರ ಅದೇ ಪೆರೆಜ್. ಒಂದು ಸಂಚಿಕೆಯಲ್ಲಿ ಲೀಗಿನ ಹೆಸರು ಮೊದಲು, ಮುಂದಿನದರಲ್ಲಿ ಅವೆಂಜರ್ಸ್ ಹೆಸರು ಮೊದಲು. ಮದುವೆ ಕರೆಯೋಲೆಯಲ್ಲಿ ಬೀಗರ ಹೆಸರು ಹಾಕುವಷ್ಟೇ ಎಚ್ಚರಿಕೆ. ಮೂರನೆಯ ಸಂಚಿಕೆಯ ರಕ್ಷಾಪುಟದಲ್ಲಿ ಎರಡೂ ತಂಡಗಳಲ್ಲಿ ಅಲ್ಲಿಯವರೆಗೆ ಬಂದುಹೋದ ಸದಸ್ಯರನ್ನೆಲ್ಲ ಪೆರೆಜ್ ಕೂರಿಸಿದ್ದಾರೆ; ಭೂತಗನ್ನಡಿ ಹಿಡಿದೇ ನೋಡಬೇಕು. 2022ರಲ್ಲಿ ಪೆರೆಜ್ ತೀವ್ರ ಕಾಯಿಲೆಯಲ್ಲಿದ್ದಾಗ ಈ ಕೃತಿಯ 7,000 ಪ್ರತಿಗಳನ್ನು, ಕಷ್ಟದಲ್ಲಿರುವ ಕಾಮಿಕ್ಸ್ ಕಲಾವಿದರಿಗೆ ನೆರವಾಗುವ ಸಂಸ್ಥೆಯೊಂದಕ್ಕಾಗಿ ಮರುಮುದ್ರಿಸಲು ಎರಡೂ ಕಂಪೆನಿಗಳು ಒಪ್ಪಿದವು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ಇದನ್ನೇ ನಿಜವಾದ ಕೂಡಾಟವೆಂದು ಏಕೆ ಕರೆಯುತ್ತೇನೆ? ಬ್ಯೂಸಿಕ್ ಅವರು ವೀರನಿಗೆ ವೀರನನ್ನು ಇದಿರಾಗಿಸುವುದಕ್ಕೂ ಮೊದಲು ತಿಟ್ಟಿಗೆ ತಿಟ್ಟನ್ನು ಇದಿರಾಗಿಸುತ್ತಾರೆ. ತಿಟ್ಟೆಂದರೆ ಯಕ್ಷಗಾನದ ಶೈಲಿ. ತೆಂಕು, ಬಡಗು ಎಂಬ ಎರಡು ತಿಟ್ಟುಗಳಲ್ಲಿ ಕತೆ ಒಂದೇ ಇರಬಹುದು. ಆದರೆ ಚೆಂಡೆ ಬೇರೆ, ಕಿರೀಟ ಬೇರೆ, ಹೆಜ್ಜೆ ಬೇರೆ. ಡಿಸಿಯ ವೀರರು ಮೆಟ್ರೊಪೊಲಿಸ್, ಗಾಥಮ್ ಎಂಬ ಕಲ್ಪಿತ ಪುರಗಳಲ್ಲಿ ಬಾಳುತ್ತಾರೆ. ಅಲ್ಲಿ ಜನ ಅವರಿಗೆ ಸ್ಮಾರಕ ಕಟ್ಟಿಸುತ್ತಾರೆ. ಮಾರ್ವೆಲ್‌ನ ವೀರರು ಬಹುಪಾಲು ನಿಜವಾದ ನ್ಯೂಯಾರ್ಕಿನಲ್ಲಿ, ಬಾಡಿಗೆ ಕಟ್ಟಲು ಪರದಾಡುವ, ಪತ್ರಿಕೆಗಳಲ್ಲಿ ಬೈಸಿಕೊಳ್ಳುವ ಜನ. ಜಸ್ಟೀಸ್ ಲೀಗ್ ಮಾರ್ವೆಲ್ ಲೋಕಕ್ಕೆ ಕಾಲಿಟ್ಟಾಗ ಅವರಿಗೆ ಕಾಣುವುದು ಭಯ ಮತ್ತು ದ್ವೇಷ. ಇಷ್ಟು ಬಲವಿದ್ದೂ ಈ ಅವೆಂಜರ್ಸ್ ತಮ್ಮ ಲೋಕವನ್ನು ಹೀಗೇಕೆ ಹಾಳುಬಿಟ್ಟಿದ್ದಾರೆ ಎಂದು ಸೂಪರ್‌ಮ್ಯಾನ್ ಸಿಟ್ಟಾಗುತ್ತಾನೆ. ಅವೆಂಜರ್ಸ್ ಡಿಸಿ ಲೋಕಕ್ಕೆ ಬಂದಾಗ ಕ್ಯಾಪ್ಟನ್ ಅಮೆರಿಕನಿಗೆ ಆ ಸ್ಮಾರಕಗಳೇ ಅನುಮಾನ ಹುಟ್ಟಿಸುತ್ತವೆ: ಇವರು ಜನರನ್ನು ಕಾಯುತ್ತಿದ್ದಾರೋ, ಆಳುತ್ತಿದ್ದಾರೋ? ಇಬ್ಬರ ಮಾತಿನಲ್ಲೂ ನಿಜವಿದೆ. ಅಲ್ಲಿಯ ಗಾಳಿಯೇ ಬೇರೆ: ಡಿಸಿಯ ಫ್ಲಾಶ್‌ಗೆ ಮಾರ್ವೆಲ್ ಲೋಕದಲ್ಲಿ ಓಡಲಾಗುವುದಿಲ್ಲ, ಅವನ ವೇಗದ ಮೂಲವಾದ ಶಕ್ತಿ ಅಲ್ಲಿ ಇಲ್ಲವೇ ಇಲ್ಲ. ಬಡಗಿನ ವೇಷಧಾರಿಗೆ ತೆಂಕಿನ ಚೆಂಡೆಯ ಮುಂದೆ ಹೆಜ್ಜೆ ಹೊಂದದೆ ಹೋಗುವ ಹಾಗೆ.

ಬ್ಯಾಟ್‌ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ ಮುಖಾಮುಖಿಯಾಗುವ ಪುಟವನ್ನು ನಾನು ಎಷ್ಟು ಸಲ ತೆರೆದಿದ್ದೇನೋ ಲೆಕ್ಕವಿಲ್ಲ. ಸುತ್ತ ಎಲ್ಲರೂ ಹೊಡೆದಾಡುತ್ತಿದ್ದಾರೆ. ಇವರಿಬ್ಬರು ನಾಲ್ಕಾರು ಪಟ್ಟು ಹಾಕಿ ನೋಡಿ, ಒಬ್ಬರ ಅಳತೆಯನ್ನು ಇನ್ನೊಬ್ಬರು ತೆಗೆದುಕೊಂಡು, ಇದು ಬೇಗ ಮುಗಿಯುವ ಕೆಲಸವಲ್ಲ ಎಂದು ಅರಿತು, ಕೈ ಬಿಟ್ಟು, ತಮ್ಮನ್ನು ಹೀಗೆ ಕಾದಾಡಲು ಹಚ್ಚಿದವರು ಯಾರೆಂದು ಹುಡುಕಲು ಹೊರಡುತ್ತಾರೆ. 1996ರಲ್ಲಿ ಇದೇ ಜೋಡಿಯ ಕಾಳಗದ ಫಲ ಮತದಿಂದ ನಿರ್ಧಾರವಾಗಿತ್ತು, ಬ್ಯಾಟ್‌ಮ್ಯಾನ್ ಗೆದ್ದಿದ್ದ. ಅದು ಯಾರಿಗೂ ಅಷ್ಟಾಗಿ ನೆನಪಿಲ್ಲ. ತಾಳಮದ್ದಳೆಯಲ್ಲಿ ಪಳಗಿದ ಇಬ್ಬರು ಅರ್ಥಧಾರಿಗಳು ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಕಣ್ಣಲ್ಲೇ ತಲೆದೂಗಿ ಪದ್ಯವನ್ನು ಮುಂದಕ್ಕೆ ಬಿಟ್ಟುಕೊಡುತ್ತಾರಲ್ಲ, ಅಂಥ ಗಳಿಗೆ ಇದು.

ಯಜಮಾನರು ಒಪ್ಪದಿದ್ದರೆ ಆಟವೇ ಇಲ್ಲ ಎಂಬ ಮಾತಿಗೆ ಮಾತ್ರ ನನ್ನ ತಕರಾರಿದೆ. ಒಪ್ಪಿಗೆ ಕೇಳದೆಯೂ ಆಡಿದವರಿದ್ದಾರೆ. 1969ರಲ್ಲಿ ಮಾರ್ವೆಲ್‌ನ ರಾಯ್ ಥಾಮಸ್ ಅವೆಂಜರ್ಸ್ ಕತೆಯೊಳಗೆ ಒಂದು ಖಳತಂಡವನ್ನು ತಂದರು. ಹೈಪೀರಿಯನ್, ನೈಟ್‌ಹಾಕ್, ಡಾಕ್ಟರ್ ಸ್ಪೆಕ್ಟ್ರಮ್, ವಿಜ್ಜರ್ ಎಂಬ ಹೆಸರುಗಳನ್ನು ಕೆರೆದರೆ ಒಳಗೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಗ್ರೀನ್ ಲ್ಯಾಂಟರ್ನ್, ಫ್ಲಾಶ್ ಕಾಣಿಸುತ್ತಿದ್ದರು. ಡಿಸಿಯವರು 1971ರ ಆರಂಭದಲ್ಲಿ ಜಸ್ಟೀಸ್ ಲೀಗ್ ಕತೆಯೊಂದರಲ್ಲಿ ಅವೆಂಜರ್ಸರ ಪಡಿಯಚ್ಚುಗಳನ್ನು ತಂದು ಲೆಕ್ಕ ಚುಕ್ತಾ ಮಾಡಿದರು. 1972ರಲ್ಲಿ ಗೆಳೆಯರಾಗಿದ್ದ ಮೂವರು ಬರಹಗಾರರು, ಅವರಲ್ಲಿ ಕಾನ್ವೇ ಕೂಡ ಒಬ್ಬರು, ವರ್ಮಾಂಟಿನ ರಟ್‌ಲಂಡ್ ಎಂಬ ಊರಿನ ಹ್ಯಾಲೋವೀನ್ ಮೆರವಣಿಗೆಯನ್ನು ಎರಡೂ ಕಂಪೆನಿಗಳ ಮೂರು ಪುಸ್ತಕಗಳಲ್ಲಿ ಒಂದಕ್ಕೊಂದು ಕೊಂಡಿಯಾಗುವಂತೆ ಬರೆದರು. ಮೂರನ್ನೂ ಕೊಂಡವನಿಗೆ ಮಾತ್ರ ಅದು ಒಂದೇ ರಾತ್ರಿಯ ಕತೆ.

ಥಾಮಸ್ ತಂದ ಪಡಿಯಚ್ಚುಗಳಿಗೆ ಮುಂದೆ ಸ್ಕ್ವಾಡ್ರನ್ ಸುಪ್ರೀಮ್ ಎಂಬ ಸಜ್ಜನರ ತಂಡವೊಂದು ಜೊತೆಯಾಯಿತು. 1985–86ರಲ್ಲಿ ಮಾರ್ಕ್ ಗ್ರುಯನ್‌ವಾಲ್ಡ್ ಹನ್ನೆರಡು ಸಂಚಿಕೆಗಳಲ್ಲಿ ಆ ತಂಡದ ಕತೆ ಬರೆದರು. ಹಸಿವು, ಅಪರಾಧ, ಯುದ್ಧಗಳನ್ನೆಲ್ಲ ನಿರ್ಮೂಲ ಮಾಡುತ್ತೇವೆಂದು ಹೊರಟ ವೀರರು ದೇಶದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುತ್ತಾರೆ, ಅಪರಾಧಿಗಳ ಮನಸ್ಸನ್ನು ಯಂತ್ರದಿಂದ ತಿದ್ದುತ್ತಾರೆ, ಬ್ಯಾಟ್‌ಮ್ಯಾನ್‌ನ ಪಡಿಯಚ್ಚಾದ ನೈಟ್‌ಹಾಕ್ ಅವರ ವಿರುದ್ಧ ತಿರುಗಿಬೀಳುತ್ತಾನೆ. ಅಸಲು ಜಸ್ಟೀಸ್ ಲೀಗನ್ನು ಇಟ್ಟುಕೊಂಡು ಇಂಥ ಕತೆ ಬರೆಯಲು ಆಗ ಯಾವ ಯಜಮಾನ ಒಪ್ಪುತ್ತಿದ್ದ? ನಕಲಿಗೆ ಸಿಕ್ಕಿದ ಸ್ವಾತಂತ್ರ್ಯ ಅದು. ಗ್ರುಯನ್‌ವಾಲ್ಡ್ 1996ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಮಸಿಯಲ್ಲಿ ಬೆರೆಸಿ ಅದೇ ಕತೆಯ ಸಂಕಲನವನ್ನು ಮುದ್ರಿಸಲಾಯಿತು. ಎದುರಾಳಿ ಕಂಪೆನಿಯ ವೀರರ ನಕಲುಗಳಿಗೆ ಒಬ್ಬ ಬರಹಗಾರ ಸಲ್ಲಿಸಿದ ಋಣ ಇದು.

ಒಂದು ಉಪಕತೆ ಹೇಳಿ ಊರಿಗೆ ಬರುತ್ತೇನೆ. 'ಸೂಪರ್ ಹೀರೋ' ಎಂಬ ಪದದ ಮೇಲೆಯೇ ಈ ಎರಡು ಕಂಪೆನಿಗಳು ಅಮೆರಿಕದಲ್ಲಿ ದಶಕಗಳ ಕಾಲ ಜಂಟಿಯಾಗಿ ಟ್ರೇಡ್‌ಮಾರ್ಕ್ ಇಟ್ಟುಕೊಂಡಿದ್ದವು. 2024ರಲ್ಲಿ ಅದು ರದ್ದಾಯಿತು. ಬಯಲಿನಲ್ಲಿ ಜೋಡಾಟ ಆಡುತ್ತಿದ್ದವರು ಬಯಲಿನ ಪಟ್ಟಾವನ್ನು ಮಾತ್ರ ಕೂಡಿಯೇ ಬರೆಸಿಕೊಂಡಿದ್ದರು.

ನಮ್ಮಲ್ಲಿಯೂ ಮೇಳಗಳಿಗೆ ಬರವಿರಲಿಲ್ಲ. ಇಂದ್ರಜಾಲಕ್ಕಾಗಿ ಆಬಿದ್ ಸುರ್ತಿ 1976ರಲ್ಲಿ ಸೃಷ್ಟಿಸಿದ ಬಹಾದೂರ್, ಕೇಸರಿ ಕುರ್ತಾ ಮತ್ತು ಜೀನ್ಸ್ ತೊಟ್ಟು ಚಂಬಲ್ ಸೀಮೆಯ ಡಕಾಯಿತರನ್ನು ಎದುರಿಸಿದವನು. ದೆಹಲಿಯ ರಾಜ್ ಕಾಮಿಕ್ಸ್ 1990ರ ದಶಕದ ಆರಂಭದಲ್ಲಿ ತಂದ ಡೋಗಾ, ನಾಯಿಯ ಮುಖವಾಡ ತೊಟ್ಟು ನಮ್ಮ ಮುಂಬಯಿಯ ಬೀದಿಗಳಲ್ಲಿ ಗುಂಡು ಹಾರಿಸಿದವನು. ಮುಂಬಯಿಯ ಪ್ರಕಾಶಕನಿಗೆ ಚಂಬಲ್‌ನ ವೀರ, ದೆಹಲಿಯ ಪ್ರಕಾಶಕನಿಗೆ ಮುಂಬಯಿಯ ವೀರ. ಬಹಾದೂರ್ ಡಕಾಯಿತನೊಬ್ಬನ ಮಗ, ಪೊಲೀಸ್ ಅಧಿಕಾರಿಯ ಮನೆಯಲ್ಲಿ ಬೆಳೆದವನು. ಡೋಗಾ ಕಸದ ರಾಶಿಯಲ್ಲಿ ಸಿಕ್ಕಿದ ಅನಾಥ, ಡಕಾಯಿತನೊಬ್ಬನ ಕೈಯಲ್ಲಿ ಬೆಳೆದವನು. ಒಬ್ಬನ ಕನ್ನಡಿಯಲ್ಲಿ ಇನ್ನೊಬ್ಬನ ಮುಖ. ಡೋಗಾನನ್ನು ಪಳಗಿಸಿದ ಚಾಚಾಗಳ ಹೆಸರು ಅದ್ರಕ್, ಹಲ್ದಿ, ಧನಿಯಾ, ಕಾಲಿಮಿರ್ಚ್. ಹೋಟೆಲಿನವರ ಮಗನಾದ ನನಗೆ ಅವರಷ್ಟು ಆಪ್ತರಾದ ಗುರುಗಳು ಬೇರೆ ಯಾವ ಕಾಮಿಕ್ಸಿನಲ್ಲೂ ಸಿಕ್ಕಿಲ್ಲ. ಇವರಿಬ್ಬರು ಭೇಟಿಯಾಗಲೇ ಇಲ್ಲ. ಡೋಗಾ ಬರುವ ಹೊತ್ತಿಗೆ ಇಂದ್ರಜಾಲ ನಿಂತುಹೋಗಿತ್ತು.

ಆದ್ದರಿಂದ ಅವರ ಕೂಡಾಟವನ್ನು ನಾನೇ ಕಟ್ಟಿಕೊಂಡಿದ್ದೇನೆ. 1972ರಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಚಂಬಲ್‌ನ ನೂರಾರು ಡಕಾಯಿತರು ಶರಣಾದರಲ್ಲ, ಅವರಲ್ಲಿ ಒಬ್ಬ ಸೆರೆವಾಸ ಮುಗಿಸಿ, ಹೆಸರು ಬದಲಿಸಿ, ಮುಂಬಯಿಯ ಉಪನಗರವೊಂದರ ಕಟ್ಟಡದಲ್ಲಿ ವಾಚ್‌ಮನ್ ಆಗಿದ್ದಾನೆಂದು ಇಟ್ಟುಕೊಳ್ಳಿ. ಅವನ ಹಳೆಯ ಪಾಪವೊಂದು ಡೋಗಾನ ಕಿವಿಗೆ ಬಿದ್ದಿದೆ. ಕೊಲ್ಲುತ್ತೇನೆಂದು ಡೋಗಾ ಪಣ ತೊಟ್ಟಿದ್ದಾನೆ. ಶರಣಾದವನಿಗೆ ತಾನು ಹಿಂದೆಂದೋ ಕೊಟ್ಟ ಮಾತು ಉಳಿಸಿಕೊಳ್ಳಲು ಬಹಾದೂರ್ ಗ್ವಾಲಿಯರಿನಲ್ಲಿ ಪಂಜಾಬ್ ಮೇಲ್ ಹತ್ತಿ ಬಂದು, ಬೆಳಗಿನ ಜಾವ ದಾದರಿನಲ್ಲಿ ಇಳಿಯುತ್ತಾನೆ. ಗಯನೂ ಸಿಕ್ಕ, ಅಭಯವೂ ಸಿಕ್ಕಿತು, ಪ್ರತಿಜ್ಞೆಯೂ ಸಿಕ್ಕಿತು. ಮುಂಬಯಿಯ ಬೀದಿಯಲ್ಲಿ ನಡೆಯುವುದರಿಂದ ಭಾಗವತಿಕೆ ಡೋಗಾನ ಮೇಳದ್ದು: ಅಂದರೆ ಕತ್ತಲು, ಕೊಚ್ಚೆ, ಗುಂಡು. ಬಹಾದೂರ್‌ನಿಗೆ ಆ ತಾಳ ಹೊಂದದು, ಅವನದು ಹಗಲಿನ ಬಯಲಿನ ನಡೆ. ಈಶ್ವರನ ವೇಷವನ್ನು ಅದ್ರಕ್ ಚಾಚಾಗೆ ಕೊಟ್ಟಿದ್ದೇನೆ.

ಒಂದು ಚಿತ್ರ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಕಾಳಗ ನಿಂತ ಮೇಲೆ ಮೂವರೂ ಗೇಟಿನ ಬಳಿ ಇದ್ದಾರೆ, ವಾಚ್‌ಮನ್‌ನ ಕ್ಯಾಬಿನ್ನಿನಲ್ಲಿರುವುದು ಒಂದೇ ಸ್ಟೂಲು. ಅದರ ಮೇಲೆ ಯಾವ ವೀರ ಕೂರಬೇಕು, ಯಾವ ವೀರ ನಿಲ್ಲಬೇಕು ಎಂದು ಎರಡೂ ಕಚೇರಿಗಳವರು ಆರು ತಿಂಗಳು ಪತ್ರವ್ಯವಹಾರ ನಡೆಸಿಯಾರು. ನಾನಾದರೆ ಅದನ್ನು ವಾಚ್‌ಮನ್‌ಗೇ ಬಿಡುತ್ತೇನೆ. ವಯಸ್ಸಾದವನು, ರಾತ್ರಿಪಾಳಿ ಬೇರೆ.